ಪೆಟ್ರೋಲ್ ಕಾಕ್ ಮುಚ್ಚಿದಿರಾ?

ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬಕ್ಕೆ ಕೊಡಗಿನಲ್ಲಿ ಕೋವಿ, ಕತ್ತಿ, ಬೇಸಾಯದ ಹತ್ಯಾರುಗಳನ್ನು ಒರೆಸಿ ಪೂಜೆಗೆ ಇಡುವುದು ಪದ್ಧತಿ. ಅದೇ ಹೊತ್ತಿಗೆ ಕೆಲವು ಮನೆಗಳ ಕೊಟ್ಟಿಗೆಯಿಂದ ಇನ್ನೊಂದು ಹಳೆಯ ಯಂತ್ರವೂ ಹೊರಬರುತ್ತದೆ. ಜೂನ್ ತಿಂಗಳಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದ ಜಾವಾ, ಯೆಜ್ಡಿ ಅಥವಾ ಬುಲೆಟ್ ಮೋಟಾರ್ ಸೈಕಲ್ ಅದು. ಟಾರ್ಪಾಲು ಎತ್ತಿದೊಡನೆ ಮೂಗಿಗೆ ಪೆಟ್ರೋಲಿನ ವಾಸನೆ ಹೊಡೆಯುತ್ತದೆ. ನಿಲ್ಲಿಸುವಾಗ ಅರ್ಧ ತುಂಬಿದ್ದ ಟ್ಯಾಂಕು ಈಗ ಬರಿದು. ಕಿಕ್ ಒದ್ದರೆ ಕೆಲವೊಮ್ಮೆ ಕಾಲಿಗೆ ಗೋಡೆ ಸಿಕ್ಕಂತೆ ಕಡ್ಡಿ ಅರ್ಧಕ್ಕೇ ನಿಲ್ಲುತ್ತದೆ. ಯಾರೂ ಗಾಡಿ ಓಡಿಸಿಲ್ಲ, ಯಾರೂ ಕದ್ದಿಲ್ಲ. ಹಾಗಾದರೆ ಪೆಟ್ರೋಲ್ ಎಲ್ಲಿ ಹೋಯಿತು? ಎಂಜಿನ್ ಏಕೆ ಬಿಗಿಯಿತು?

ಉತ್ತರ ಟ್ಯಾಂಕಿನ ತಳದಲ್ಲಿರುವ ಹೆಬ್ಬೆರಳು ಗಾತ್ರದ ಒಂದು ನಲ್ಲಿಯಲ್ಲಿದೆ. ಗ್ಯಾರೇಜಿನವರು ಅದನ್ನು ಪೆಟ್ರೋಲ್ ಕಾಕ್ ಎನ್ನುತ್ತಾರೆ. ಈಗಿನ ಬಹುತೇಕ ಹೊಸ ಗಾಡಿಗಳಲ್ಲಿ ಅದು ಕಾಣಸಿಗುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಜಾರಿಗೆ ಬಂದ ಮೇಲೆ ನಮ್ಮ ದೇಶದ ಬಹುತೇಕ ಹೊಸ ಮೋಟಾರ್ ಸೈಕಲ್‌ಗಳು ಕಾರ್ಬುರೇಟರನ್ನು ಕೈಬಿಟ್ಟು ಇಂಧನ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆಗೆ ಬದಲಾದವು. ಅಲ್ಲಿ ವಿದ್ಯುತ್ ಪಂಪು ನಿಂತರೆ ಇಂಧನವೂ ನಿಂತಂತೆ. ಹಳೆಯ ಗಾಡಿಗಳಲ್ಲಿ ಪಂಪು ಇಲ್ಲ. ಅಲ್ಲಿ ಕೆಲಸ ಮಾಡುವುದು ಗುರುತ್ವಾಕರ್ಷಣೆ. ಅದಕ್ಕೆ ಬೀಗದ ಕೈ ಇಲ್ಲ, ರಾತ್ರಿ ಹಗಲು ಎಂಬುದೂ ಇಲ್ಲ.

ಕೊಡಗಿನ ರಸ್ತೆಗಳಿಗೆ ಜಾವಾ ದೂರದಿಂದ ಬಂದ ವಾಹನವಲ್ಲ. ಮೂಲತಃ ಅದು ಜೆಕೊಸ್ಲೊವಾಕಿಯಾದ ಗಾಡಿಯಾದರೂ 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. 1973ರಲ್ಲಿ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಿಕ್ ಕಡ್ಡಿಯನ್ನೇ ಮುಂದಕ್ಕೆ ಮಡಚಿ ಗೇರ್ ಕಡ್ಡಿಯಾಗಿ ಬಳಸುವ ಅದರ ವಿಚಿತ್ರ ಏರ್ಪಾಡನ್ನು ಹಿರಿಯ ಓದುಗರು ಮರೆತಿರಲಾರರು. ಕಾರ್ಖಾನೆ ಮುಚ್ಚಿ ಹಲವು ವರ್ಷಗಳಾದ್ದರಿಂದ ಈ ಗಾಡಿಗಳ ಕಾಕ್ ಮತ್ತು ವಾಷರುಗಳು ಒಂದೋ ಅಷ್ಟೇ ವಯಸ್ಸಿನ ಮೂಲ ಭಾಗಗಳು, ಇಲ್ಲವೇ ಪೇಟೆಯಲ್ಲಿ ಸಿಗುವ ನಕಲಿ ಭಾಗಗಳು.

ಚೆಂಡು ಮತ್ತು ಸೂಜಿ

ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿ ತೇಲುವ ಚೆಂಡಿನ ಕವಾಟವನ್ನು ನೀವು ನೋಡಿರುತ್ತೀರಿ. ನೀರು ಏರಿದಂತೆ ಚೆಂಡು ಮೇಲೇರಿ ನಲ್ಲಿಯನ್ನು ಮುಚ್ಚುತ್ತದೆ. ನೀರು ಇಳಿದರೆ ತೆರೆಯುತ್ತದೆ. ಕಾರ್ಬುರೇಟರಿನ ಕೆಳಭಾಗದಲ್ಲಿಯೂ ಇಂಥದ್ದೇ ಏರ್ಪಾಡು ಇದೆ. ಅಲ್ಲೊಂದು ಸಣ್ಣ ಬಟ್ಟಲು, ಅದರೊಳಗೆ ತೇಲುವ ಹಗುರ ಗುಂಡು, ಗುಂಡಿನ ಒತ್ತಡಕ್ಕೆ ಮೇಲೇರಿ ಇಂಧನದ ದ್ವಾರವನ್ನು ಮುಚ್ಚುವ ಮೊನಚಾದ ಸೂಜಿ. ಟ್ಯಾಂಕಿನಿಂದ ಕಾಕ್, ಕಾಕಿನಿಂದ ರಬ್ಬರ್ ಕೊಳವೆ, ಕೊಳವೆಯಿಂದ ಸೂಜಿಯ ದ್ವಾರ, ಅಲ್ಲಿಂದ ಬಟ್ಟಲು. ಇಂಧನದ ದಾರಿ ಇಷ್ಟೆ.

ಈ ಸೂಜಿಯ ಮೇಲೆ ಎಷ್ಟು ಒತ್ತಡ ಬೀಳುತ್ತದೆ? ಟ್ಯಾಂಕಿನಲ್ಲಿರುವ ಪೆಟ್ರೋಲಿನ ಮಟ್ಟ ಸೂಜಿಗಿಂತ 30 ಸೆಂ.ಮೀ. ಮೇಲಿದೆ ಎಂದಿಟ್ಟುಕೊಳ್ಳಿ. ಪೆಟ್ರೋಲಿನ ಸಾಂದ್ರತೆ ಘನ ಮೀಟರಿಗೆ ಸುಮಾರು 740 ಕಿ.ಗ್ರಾಂ. ಎತ್ತರ, ಸಾಂದ್ರತೆ, ಗುರುತ್ವ ವೇಗೋತ್ಕರ್ಷ ಮೂರನ್ನೂ ಗುಣಿಸಿದರೆ ಸುಮಾರು 2,200 ಪಾಸ್ಕಲ್ ಬರುತ್ತದೆ. ದ್ವಾರದ ವ್ಯಾಸ 2 ಮಿ.ಮೀ. ಆದರೆ ಸೂಜಿಯ ತುದಿಯನ್ನು ಕೆಳಕ್ಕೆ ತಳ್ಳುವ ಬಲ ಕೇವಲ 0.7 ಗ್ರಾಂ ತೂಕದಷ್ಟು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, 2 ಮಿ.ಮೀ. ದಪ್ಪ, 30 ಸೆಂ.ಮೀ. ಎತ್ತರದ ಪೆಟ್ರೋಲ್ ಕಂಬದ ತೂಕ. ಟ್ಯಾಂಕಿನಲ್ಲಿ ಹತ್ತು ಲೀಟರ್ ಇದ್ದರೂ ಸೂಜಿಗೆ ಲೆಕ್ಕ ಈ ಕಂಬದ್ದು ಮಾತ್ರ. ದ್ರವದ ಒತ್ತಡ ಎತ್ತರವನ್ನು ಅವಲಂಬಿಸುತ್ತದೆಯೇ ಹೊರತು ಒಟ್ಟು ಪ್ರಮಾಣವನ್ನಲ್ಲ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಈ 0.7 ಗ್ರಾಂ ಬಲವನ್ನು ಮೀರಿಸಲು ತೇಲುಗುಂಡಿಗೆ ಒಂದೆರಡು ಗ್ರಾಂ ಉತ್ಪ್ಲವನ ಬಲ ಸಾಕು. ಕಷ್ಟ ಇರುವುದೂ ಅಲ್ಲಿಯೇ. ಇಷ್ಟು ಮೃದುವಾದ ಒತ್ತಿಗೆ ಕೂರುವ ಸೂಜಿ, ತನ್ನ ಪೀಠದ ಮೇಲೆ ತುಕ್ಕಿನ ಒಂದು ಕಣ ಬಂದು ಕುಳಿತರೂ ಪೂರ್ತಿ ಮುಚ್ಚಲಾರದು. ಎಂಜಿನ್ ಓಡುತ್ತಿರುವಾಗ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಸೋರಿದ್ದನ್ನೆಲ್ಲ ಎಂಜಿನ್ ಕುಡಿದುಬಿಡುತ್ತದೆ. ನಿಲ್ಲಿಸಿದ ಮೇಲೆ ಮಾತ್ರ ಅದು ಸೋರಿಕೆ. ಸೂಜಿ ಕವಾಟ ಇರುವುದು ಬಟ್ಟಲಿನ ಮಟ್ಟವನ್ನು ಕಾಯುವುದಕ್ಕೆ, ಟ್ಯಾಂಕಿಗೆ ಬೀಗ ಹಾಕುವುದಕ್ಕಲ್ಲ. ಬೀಗ ಎಂದರೆ ಕಾಕ್ ಒಂದೇ.

ಐದು ಸೆಕೆಂಡಿಗೆ ಒಂದು ಹನಿ ಸೋರುತ್ತದೆ ಎನ್ನಿ. ಪೆಟ್ರೋಲಿನ ಮೇಲ್ಮೈ ಸೆಳೆತ ನೀರಿನದರ ಮೂರನೇ ಒಂದು ಭಾಗದಷ್ಟೇ ಇರುವುದರಿಂದ ಅದರ ಹನಿ ಚಿಕ್ಕದು, 0.02 ಮಿ.ಲೀ. ಎಂದು ಹಿಡಿಯೋಣ. ದಿನಕ್ಕೆ 17,280 ಹನಿ, ಅಂದರೆ ಸುಮಾರು 345 ಮಿ.ಲೀ. ಹನ್ನೆರಡು ಲೀಟರಿನ ತುಂಬಿದ ಟ್ಯಾಂಕು 35 ದಿನಗಳಲ್ಲಿ ಖಾಲಿ. ಕೊಡಗಿನ ಮಳೆಗಾಲ ಅದಕ್ಕಿಂತ ಬಹಳ ಉದ್ದವಿದೆ.

ಸೋರಿದ ಪೆಟ್ರೋಲಿಗೆ ಎರಡು ದಾರಿಗಳಿವೆ. ಬಟ್ಟಲು ತುಂಬಿ ಹೊರಕ್ಕೆ ಉಕ್ಕಿದರೆ ನೆಲಕ್ಕೆ ಬೀಳುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚದುರದೆ ನೆಲದ ಮಟ್ಟದಲ್ಲೇ ಹರಿದು ತಗ್ಗಿನಲ್ಲಿ ಶೇಖರವಾಗುತ್ತದೆ. ಗಾಳಿಯಲ್ಲಿ ಅದು ಶೇಕಡ 1.4ರಿಂದ 7.6ರಷ್ಟು ಬೆರೆತಾಗ ಒಂದು ಕಿಡಿ ಸಾಕು. ನಮ್ಮ ಕಡೆ ಗಾಡಿ ನಿಲ್ಲಿಸುವ ಕೊಟ್ಟಿಗೆಯ ಪಕ್ಕದಲ್ಲೇ ಬಚ್ಚಲು ಒಲೆ ಇರುವುದು ಅಪರೂಪವಲ್ಲ, ಮಳೆಗಾಲದಲ್ಲಿ ಆ ಒಲೆ ಆರುವುದೂ ಅಪರೂಪ. ಈ ಲೇಖನ ಬರೆಯಲು ಕಾರಣವೂ ಅದೇ.

ಎರಡನೆಯ ದಾರಿ ಎಂಜಿನ್ನಿನ ಒಳಕ್ಕೆ. ಬುಲೆಟ್‌ನಂಥ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಒಳಗವಾಟ ತೆರೆದ ಸ್ಥಿತಿಯಲ್ಲಿ ನಿಂತಿದ್ದರೆ ಪೆಟ್ರೋಲ್ ಸಿಲಿಂಡರಿಗೆ ಇಳಿಯುತ್ತದೆ. ಅಲ್ಲಿಂದ ಪಿಸ್ಟನ್ ಉಂಗುರಗಳ ಸಂದಿನಲ್ಲಿ ಜಾರಿ ಕೀಲೆಣ್ಣೆಗೆ ಬೆರೆತು ಅದನ್ನು ನೀರಾಗಿಸುತ್ತದೆ. ಸಿಲಿಂಡರಿನಲ್ಲೇ ಉಳಿದರಂತೂ ಅಪಾಯ ಇನ್ನೂ ಹೆಚ್ಚು. ಅನಿಲವನ್ನು ಹಿಂಡಬಹುದು, ದ್ರವವನ್ನು ಹಿಂಡಲಾಗದು. ಕಿಕ್ ಅರ್ಧಕ್ಕೆ ನಿಲ್ಲುವುದು ಈ ಕಾರಣದಿಂದ. ಅದರ ಮೇಲೆ ಹತ್ತಿ ಕುಣಿದರೆ, ಅಥವಾ ಇಳಿಜಾರಿನಲ್ಲಿ ತಳ್ಳಿ ಗೇರ್ ಹಾಕಿದರೆ, ಕನೆಕ್ಟಿಂಗ್ ರಾಡು ಬಾಗಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ ದ್ರವ ಹೊರಹೋಗಲು ಬಿಟ್ಟು ಆಮೇಲೆ ನಿಧಾನವಾಗಿ ತಿರುಗಿಸುವುದು ಸರಿಯಾದ ಕ್ರಮ. ಆ ಹೊತ್ತಿನಲ್ಲಿ ಪ್ಲಗ್ಗಿನ ತಂತಿ ದೂರವಿರಲಿ. ಜಾವಾದಂಥ ಎರಡು ಹೊಡೆತದ ಎಂಜಿನ್ನಿನಲ್ಲಿ ಪಿಸ್ಟನ್ ಯಾವ ಸ್ಥಾನದಲ್ಲಿ ನಿಂತಿದೆ ಎಂಬುದರ ಮೇಲೆ ಪೆಟ್ರೋಲ್ ಕೆಳಗಿನ ಕ್ರ್ಯಾಂಕ್ ಕೋಣೆಯನ್ನು ತುಂಬುತ್ತದೆ. ಒದ್ದಾಗ ಎರಡೂ ಸೈಲೆನ್ಸರುಗಳಿಂದ ಪೆಟ್ರೋಲ್ ಕಾರುವ ದೃಶ್ಯವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ರಿಸರ್ವ್ ಎಂಬ ಜಾಣತನ

ಕಾಕಿಗೆ ಮೂರು ಸ್ಥಾನಗಳು: ಮುಚ್ಚು, ತೆರೆ, ರಿಸರ್ವ್. ರಿಸರ್ವ್‌ಗೆ ಟ್ಯಾಂಕಿನೊಳಗೆ ಬೇರೊಂದು ಡಬ್ಬಿ ಇದೆ ಎಂದು ನಂಬಿರುವ ವಿದ್ಯಾರ್ಥಿಗಳು ಈಗಲೂ ಸಿಗುತ್ತಾರೆ. ಹಾಗೇನೂ ಇಲ್ಲ. ಕಾಕಿನ ಮೇಲೆ ಟ್ಯಾಂಕಿನೊಳಕ್ಕೆ ಚಾಚಿದ ಒಂದು ನಿಂತ ಕೊಳವೆ ಇದೆ. 'ತೆರೆ' ಸ್ಥಾನದಲ್ಲಿ ಇಂಧನ ಈ ಕೊಳವೆಯ ಬಾಯಿಂದ ಮಾತ್ರ ಇಳಿಯುತ್ತದೆ. ಮಟ್ಟ ಆ ಬಾಯಿಗಿಂತ ಕೆಳಗೆ ಹೋದೊಡನೆ ಹರಿವು ನಿಲ್ಲುತ್ತದೆ. 'ರಿಸರ್ವ್' ಸ್ಥಾನದಲ್ಲಿ ತಳದ ಇನ್ನೊಂದು ರಂಧ್ರ ತೆರೆದುಕೊಂಡು ಉಳಿದದ್ದು ಇಳಿಯುತ್ತದೆ. ಮಾಪಕ ಇಲ್ಲ, ತಂತಿ ಇಲ್ಲ. ಕೊಳವೆಯ ಎತ್ತರವೇ ಎಚ್ಚರಿಕೆಯ ಗಂಟೆ. ಯಾವಾಗಲೂ ರಿಸರ್ವ್‌ನಲ್ಲೇ ಓಡಿಸುವವರು ಈ ಗಂಟೆಯ ನಾಲಗೆಯನ್ನು ತಾವೇ ಕಿತ್ತಿಟ್ಟವರು.

ಟ್ಯಾಂಕಿನ ತಳ ಕುದುರೆಯ ಜೀನಿನಂತೆ ನಡುವೆ ಉಬ್ಬಿ ಚೌಕಟ್ಟಿನ ಕೊಳವೆಯ ಮೇಲೆ ಕೂರುತ್ತದೆ. ಕಾಕ್ ಒಂದೇ ಬದಿಗಿದ್ದು, ಎರಡೂ ಬದಿಗಳನ್ನು ಸೇರಿಸುವ ಕೊಳವೆ ಇಲ್ಲದಿದ್ದರೆ, ಮಟ್ಟ ಉಬ್ಬಿಗಿಂತ ಕೆಳಗಿಳಿದಾಗ ಆಚೆ ಬದಿಯ ಪೆಟ್ರೋಲ್ ಅಲ್ಲೇ ಉಳಿಯುತ್ತದೆ. ಗಾಡಿಯನ್ನು ಕಾಕ್ ಇರುವ ಕಡೆಗೆ ಬಾಗಿಸಿದರೆ ಅದು ಉಬ್ಬು ದಾಟಿ ಬರುತ್ತದೆ. ಹೀಗೆ ಗಾಡಿ ಮಲಗಿಸಿ ನಾನೂ ಎರಡು ಮೂರು ಕಿಲೋಮೀಟರು ಸಂಪಾದಿಸಿದ್ದುಂಟು.

ಎಂಜಿನ್ನಿಗೆ ಬೇಕಾದ ಹರಿವು ಹೆಚ್ಚೇನಲ್ಲ. ಗಂಟೆಗೆ 60 ಕಿ.ಮೀ. ವೇಗ, ಲೀಟರಿಗೆ 30 ಕಿ.ಮೀ. ಎಂದರೆ ಗಂಟೆಗೆ 2 ಲೀಟರು, ನಿಮಿಷಕ್ಕೆ 33 ಮಿ.ಲೀ. ಘಾಟಿ ಹತ್ತುವಾಗ ಇದು ಎರಡು ಮೂರು ಪಟ್ಟಾಗಬಹುದು. ಟೊರಿಸೆಲ್ಲಿ ನಿಯಮದಂತೆ ಹರಿವು ಎತ್ತರದ ವರ್ಗಮೂಲಕ್ಕೆ ಅನುಗುಣ. ಮಟ್ಟ ಕಾಲುಭಾಗಕ್ಕೆ ಇಳಿದರೂ ಹರಿವು ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಕಾಕಿನ ಜಾಲರಿ ಅರ್ಧ ಕಟ್ಟಿದ್ದರೂ ಪೇಟೆಯೊಳಗೆ ಗಾಡಿ ಚೆನ್ನಾಗಿಯೇ ಓಡಿ, ಘಾಟಿಯಲ್ಲಿ ಮಾತ್ರ ಉಸಿರು ಕಟ್ಟುವುದು ಇದರಿಂದ.

ಮುಚ್ಚಳದ ಸೂಜಿರಂಧ್ರ

ಹೀರುಕೊಳವೆಗೆ ನೀರು ತುಂಬಿ ಮೇಲಿನ ತುದಿಯನ್ನು ಬೆರಳಿನಿಂದ ಮುಚ್ಚಿದರೆ ನೀರು ಕೆಳಗೆ ಬೀಳುವುದಿಲ್ಲ. ಟ್ಯಾಂಕಿನ ಮುಚ್ಚಳದಲ್ಲಿ ಒಂದು ಸೂಕ್ಷ್ಮ ರಂಧ್ರ ಇರುವುದು ಇದಕ್ಕಾಗಿ. ಒಂದು ಲೀಟರ್ ಪೆಟ್ರೋಲ್ ಹೊರಗೆ ಹೋದರೆ ಒಂದು ಲೀಟರ್ ಗಾಳಿ ಒಳಗೆ ಬರಲೇಬೇಕು. ಕೆಂಪು ಮಣ್ಣಿನ ರಸ್ತೆಯಲ್ಲಿ ಆ ರಂಧ್ರ ಕಟ್ಟಿಕೊಂಡರೆ ಏನಾಗುತ್ತದೆ ಎಂಬುದನ್ನು ಬಾಯ್ಲ್ ನಿಯಮದಿಂದ ಲೆಕ್ಕ ಹಾಕಬಹುದು. ಮಡಿಕೇರಿಯ ಎತ್ತರ ಸುಮಾರು 1,150 ಮೀಟರು. ಅಲ್ಲಿ ವಾಯುಭಾರ ಸುಮಾರು 88 ಕಿಲೋಪಾಸ್ಕಲ್. ಪೆಟ್ರೋಲನ್ನು ಇಳಿಸುತ್ತಿರುವ ಒತ್ತಡ 2.2 ಕಿಲೋಪಾಸ್ಕಲ್, ಅಂದರೆ ವಾಯುಭಾರದ ನಲವತ್ತನೇ ಒಂದು ಭಾಗ. ಟ್ಯಾಂಕಿನೊಳಗಿನ ಒತ್ತಡ ಅಷ್ಟು ಕುಸಿದರೆ ಹರಿವು ನಿಲ್ಲುತ್ತದೆ. ಒಳಗೆ 5 ಲೀಟರ್ ಗಾಳಿ ಇದ್ದರೆ, ಸುಮಾರು 130 ಮಿ.ಲೀ. ಪೆಟ್ರೋಲ್ ಇಳಿಯುವಷ್ಟರಲ್ಲಿ ಆ ಸ್ಥಿತಿ ಬರುತ್ತದೆ. ನಾಲ್ಕು ಕಿಲೋಮೀಟರಿಗೆ ಗಾಡಿ ನಿಂತಿತು! ಪೆಟ್ರೋಲ್ ಆವಿಯ ಒತ್ತಡವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೆರಡು ಕಿ.ಮೀ. ಹೆಚ್ಚು ಓಡೀತು, ಅಷ್ಟೆ. ಮುಚ್ಚಳ ತೆಗೆದಾಗ ಸುಯ್ ಎಂದು ಗಾಳಿ ಒಳನುಗ್ಗಿ ಗಾಡಿ ಮತ್ತೆ ಓಡಿದರೆ ರೋಗ ಇದೇ ಎಂದು ತಿಳಿಯಬಹುದು. ಇದನ್ನು ತಿಳಿಯದೆ ಕಾರ್ಬುರೇಟರನ್ನು ಬಿಚ್ಚಿ ಜೋಡಿಸಿದವರು ಎಷ್ಟು ಮಂದಿಯೋ.

ಇದರ ವಿರುದ್ಧ ಪರಿಣಾಮವೂ ಉಂಟು. ರಂಧ್ರ ಕಟ್ಟಿದ ಟ್ಯಾಂಕು ಬಿಸಿಲಿಗೆ ಕಾದರೆ ಆವಿಯ ಒತ್ತಡ ಏರುತ್ತದೆ. ಹೆಚ್ಚುವರಿ 10 ಕಿಲೋಪಾಸ್ಕಲ್ ಬಂದರೆ ಸೂಜಿಯ ಮೇಲಿನ ಬಲ 0.7 ಗ್ರಾಂನಿಂದ ಸುಮಾರು 4 ಗ್ರಾಂಗೆ ಏರುತ್ತದೆ. ತೇಲುಗುಂಡು ಸೋಲುತ್ತದೆ, ಬಟ್ಟಲು ಉಕ್ಕುತ್ತದೆ.

ಘಾಟಿಯೂ ಎಥನಾಲೂ

ಬಟ್ಟಲಿನಿಂದ ಪೆಟ್ರೋಲನ್ನು ಮೇಲೆತ್ತುವುದು ಕಾರ್ಬುರೇಟರಿನ ಕಿರಿದಾದ ಕಂಠದಲ್ಲಿ ವೇಗವಾಗಿ ಹರಿಯುವ ಗಾಳಿ. ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ ಎಂಬ ಬರ್ನೂಲಿ ತತ್ವ ನಿಮಗೆ ತಿಳಿದದ್ದೇ. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಸುಳ್ಯದ ಕಡೆಯಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿ ತಲುಪುವಾಗ ಏರುವ ಎತ್ತರ ಸುಮಾರು ಸಾವಿರ ಮೀಟರು. ಗಾಳಿಯ ಸಾಂದ್ರತೆ ಶೇಕಡ 10ರಷ್ಟು ಕುಸಿಯುತ್ತದೆ. ಕಾರ್ಬುರೇಟರಿನಲ್ಲಿ ಗಾಳಿ ಮತ್ತು ಇಂಧನದ ಅನುಪಾತ ಗಾಳಿಯ ಸಾಂದ್ರತೆಯ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ ಮಿಶ್ರಣ ಶೇಕಡ 5ರಷ್ಟು ಇಂಧನದ ಕಡೆಗೆ ವಾಲುತ್ತದೆ. ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಗಾಡಿ ಮಂಕಾಗುತ್ತದೆ. ಜೆಟ್ಟಿನ ಸೂಜಿಯ ಕ್ಲಿಪ್ಪನ್ನು ಒಂದು ಹಲ್ಲು ಮೇಲಕ್ಕೆ ಹಾಕಿ ಸೂಜಿಯನ್ನು ಇಳಿಸುವುದು ಬೆಟ್ಟದ ಊರಿನ ಮೆಕ್ಯಾನಿಕ್ಕುಗಳ ಹಳೆಯ ಪರಿಹಾರ.

ಈಗ ಈ ಲೆಕ್ಕಕ್ಕೆ ಹೊಸದೊಂದು ಸಂಖ್ಯೆ ಸೇರಿದೆ. ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟ ನಮ್ಮ ದೇಶದಲ್ಲಿ 2023ರ ಫೆಬ್ರವರಿಯಲ್ಲಿ ಆರಂಭವಾಗಿ 2025ರ ಹೊತ್ತಿಗೆ ದೇಶವ್ಯಾಪಿಯಾಯಿತು. ಎಥನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ ಗ್ರಾಂಗೆ 9 ಗ್ರಾಂ ಗಾಳಿ ಸಾಕು. ಮಿಶ್ರಣಕ್ಕೆ ಬೇಕಾದದ್ದು ಸುಮಾರು 13.5 ಗ್ರಾಂ. ಹಳೆಯ ಜೆಟ್ಟಿಗೆ ಇದು ಗೊತ್ತಿಲ್ಲ. ಅದು ಹಿಂದಿನಷ್ಟೇ ಇಂಧನ ಬಿಡುತ್ತದೆ. ಹಾಗಾಗಿ ಮಿಶ್ರಣದಲ್ಲಿ ಇಂಧನ ಸುಮಾರು ಶೇಕಡ 8ರಷ್ಟು ಕಡಿಮೆ ಬೀಳುತ್ತದೆ. ಮಡಿಕೇರಿಯಲ್ಲಿ ಎತ್ತರ ತಂದ ಹೆಚ್ಚಳ ಈ ಕೊರತೆಯ ಬಹುಭಾಗವನ್ನು ತುಂಬಿಕೊಡುತ್ತದೆ. ಅದೇ ಗಾಡಿ ಮಂಗಳೂರಿಗೆ ಇಳಿದಾಗ ಕೊರತೆ ಪೂರ್ತಿ ಎದುರಾಗುತ್ತದೆ. ಬೆಟ್ಟಕ್ಕೆಂದು ಸೂಜಿಯನ್ನು ಇಳಿಸಿಟ್ಟವರು ಈಗ ಅದನ್ನು ಮತ್ತೆ ಎತ್ತಬೇಕಾಗಬಹುದು, ಏಕೆಂದರೆ ಇಂಧನ ಕಡಿಮೆಯಾದ ಮಿಶ್ರಣದಲ್ಲಿ ಎರಡು ಹೊಡೆತದ ಎಂಜಿನ್ ಮಿತಿಮೀರಿ ಕಾದು ಪಿಸ್ಟನ್ ಹಿಡಿದುಕೊಳ್ಳುವ ಭಯವಿದೆ. ಅದರ ಕೀಲೆಣ್ಣೆಯೂ ಪೆಟ್ರೋಲಿನೊಂದಿಗೇ ಬರುವಂಥದ್ದು ಎಂಬುದನ್ನು ಮರೆಯಬಾರದು.

ಕಾಕಿಗೆ ಎಥನಾಲ್ ಮಾಡುವ ಕೆಡುಕು ಬೇರೆ ಬಗೆಯದು. ಹಳೆಯ ಕಾಕುಗಳ ಒಳಗಿನ ಕಾರ್ಕ್ ಅಥವಾ ಸಾಧಾರಣ ರಬ್ಬರಿನ ವಾಷರುಗಳನ್ನು ಎಥನಾಲ್ ಇಲ್ಲದ ಪೆಟ್ರೋಲಿಗೆಂದು ಆರಿಸಿದ್ದು. ಎಥನಾಲಿಗೆ ಕೆಲವು ರಬ್ಬರುಗಳು ಉಬ್ಬುತ್ತವೆ, ಒಣಗಿದಾಗ ಗಡುಸಾಗಿ ಬಿರುಕು ಬಿಡುತ್ತವೆ. ಕಾರ್ಕ್ ನೆನೆದಿದ್ದಾಗ ಮಾತ್ರ ಬಿಗಿಯಾಗಿರುತ್ತದೆ. ಟ್ಯಾಂಕು ಬರಿದಾಗಿ ತಿಂಗಳುಗಟ್ಟಲೆ ಒಣಗಿದರೆ ಕುಗ್ಗಿ ದಾರಿ ಬಿಡುತ್ತದೆ. ಕಾರ್ಬುರೇಟರಿನ ಮೈ ಸತುವಿನ ಮಿಶ್ರಲೋಹದ್ದು. ನೀರು ಬೆರೆತ ಎಥನಾಲ್ ಅದರ ಮೇಲೆ ಬಿಳಿಯ ಪುಡಿ ಎಬ್ಬಿಸುತ್ತದೆ. ಅದೇ ಪುಡಿ ನಾಳೆ ಸೂಜಿಯ ಪೀಠದ ಮೇಲಿನ ಕಣ. ಫ್ಲೋರಿನ್ ಇರುವ ವಿಟಾನ್ ಎಂಬ ರಬ್ಬರಿನ ವಾಷರು ಇದನ್ನು ತಡೆದುಕೊಳ್ಳುತ್ತದೆ. ಬೆಲೆ ಹೆಚ್ಚಾದರೂ ಹಾಕಿಸುವುದು ಒಳ್ಳೆಯದು.

ಎಥನಾಲಿಗೆ ನೀರಿನ ಮೇಲೆ ಇರುವ ಪ್ರೀತಿ ಪೆಟ್ರೋಲಿನ ಮೇಲಿಲ್ಲ. ಮುಚ್ಚಳದ ಸಡಿಲ ವಾಷರಿನಿಂದ ಮಳೆನೀರು ಸಾಕಷ್ಟು ಇಳಿದರೆ ಎಥನಾಲ್ ಪೆಟ್ರೋಲನ್ನು ತೊರೆದು ನೀರಿನೊಡನೆ ಸೇರಿ ಪ್ರತ್ಯೇಕ ಪದರವಾಗಿ ತಳಕ್ಕೆ ಇಳಿಯುತ್ತದೆ. ತಳದಲ್ಲಿ ಇರುವುದು ರಿಸರ್ವ್ ರಂಧ್ರ. 'ತೆರೆ' ಸ್ಥಾನದಲ್ಲಿ ಸರಿಯಾಗಿ ಓಡಿದ ಗಾಡಿ ರಿಸರ್ವ್‌ಗೆ ತಿರುಗಿಸಿದೊಡನೆ ಕೆಮ್ಮಿ ನಿಂತರೆ ಮೊದಲು ಈ ಪದರವನ್ನು ಅನುಮಾನಿಸಬೇಕು. ಕಾಕಿನ ಕೆಳಗೆ ಕಸ ಹಿಡಿಯುವ ಬಟ್ಟಲಿದ್ದರೆ ಅದನ್ನು ಬಿಚ್ಚಿದಾಗ ನೀರಿನ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ಇದನ್ನು ಶಿಕ್ಷಕರು ಪ್ರಯೋಗವಾಗಿ ತೋರಿಸಬಹುದು. ಪ್ರಯೋಗ ಬಯಲಿನಲ್ಲೇ ನಡೆಯಬೇಕು, ಶಿಕ್ಷಕರೇ ಮಾಡಬೇಕು, ವಿದ್ಯಾರ್ಥಿಗಳು ದೂರ ನಿಲ್ಲಬೇಕು, ಸುತ್ತ ಬೆಂಕಿ ಅಥವಾ ಕಿಡಿಯ ಸುಳಿವೂ ಇರಕೂಡದು. 100 ಮಿ.ಲೀ. ಅಳತೆಯ ಜಾಡಿಗೆ ಒಂದು ತೊಟ್ಟು ಶಾಯಿ ಬೆರೆಸಿದ 40 ಮಿ.ಲೀ. ನೀರು ಹಾಕಿ, ಅದರ ಮೇಲೆ 50 ಮಿ.ಲೀ. ಪೆಟ್ರೋಲ್ ಸುರಿಯಿರಿ. ಬಿರಡೆ ಹಾಕಿ ನಾಲ್ಕೈದು ಸಲ ನಿಧಾನವಾಗಿ ತಲೆಕೆಳಗು ಮಾಡಿ. ನಡುನಡುವೆ ಬಿರಡೆ ಸಡಿಲಿಸಿ ಆವಿಯ ಒತ್ತಡ ಬಿಡಿ. ಹತ್ತು ನಿಮಿಷ ಕಳೆದ ಮೇಲೆ ಬಣ್ಣದ ಪದರ 40ರಿಂದ 50ರ ಹತ್ತಿರಕ್ಕೆ ಏರಿರುತ್ತದೆ. ಹೆಚ್ಚಿದ 10 ಮಿ.ಲೀ. ಪೆಟ್ರೋಲಿನಿಂದ ಕೆಳಗಿಳಿದ ಎಥನಾಲ್. 50ರಲ್ಲಿ 10 ಎಂದರೆ ಶೇಕಡ 20. ನೀರು ಮತ್ತು ಎಥನಾಲ್ ಬೆರೆತಾಗ ಗಾತ್ರ ತುಸು ಕುಗ್ಗುವುದರಿಂದ ಅಳತೆ ಸ್ವಲ್ಪ ಕಡಿಮೆ ಬರುವುದು ಸಹಜ. ಉಳಿದ ದ್ರವವನ್ನು ಚರಂಡಿಗೆ ಸುರಿಯಬಾರದು.

ಇನ್ನು, ಗಾಡಿಯನ್ನು ಮಳೆಗಾಲಕ್ಕೆ ನಿಲ್ಲಿಸುವ ಮುನ್ನ ಕಾಕ್ ಮುಚ್ಚಿದರೆ ಸಾಲದು, ಕಾರ್ಬುರೇಟರ್ ಬಟ್ಟಲಿನಲ್ಲಿ ಉಳಿದದ್ದನ್ನೂ ಹೊರಗೆ ಚೆಲ್ಲಿಸಬೇಕು. ಪೆಟ್ರೋಲ್ ಆವಿಯಾದ ಮೇಲೆ ಅದರಲ್ಲಿ ಬೆರೆಸಿದ್ದ ಎಣ್ಣೆ ಮತ್ತು ಅಂಟು ಉಳಿದು ಅರ್ಧ ಮಿ.ಮೀ. ಗಾತ್ರದ ಜೆಟ್ಟಿನ ರಂಧ್ರವನ್ನು ಮುಚ್ಚಿಬಿಡುತ್ತವೆ. ಕಾಕ್ ನಿಜವಾಗಿ ಮುಚ್ಚುತ್ತಿದೆಯೇ ಎಂದು ನೋಡಲು ಒಂದು ಸುಲಭ ಪರೀಕ್ಷೆ ಇದೆ. ಬೆಂಕಿಯಿಂದ ದೂರ, ಗಾಳಿಯಾಡುವ ಜಾಗದಲ್ಲಿ ಗಾಡಿ ನಿಲ್ಲಿಸಿ, ಕಾಕ್ ಮುಚ್ಚಿ, ಕೊಳವೆಯ ತುದಿಯನ್ನು ಕಾರ್ಬುರೇಟರಿನಿಂದ ಬಿಡಿಸಿ ಒಂದು ಒಣ ಗಾಜಿನ ಸೀಸೆಗೆ ಇಳಿಬಿಡಿ. ಕೊಳವೆಯಲ್ಲಿ ಮೊದಲೇ ಇದ್ದ ನಾಲ್ಕು ಹನಿ ಬಸಿದ ಮೇಲೆ ಸೀಸೆ ಬದಲಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸೀಸೆಯ ತಳದಲ್ಲಿ ಪೆಟ್ರೋಲ್ ಕಂಡರೆ ವಾಷರು ಬದಲಿಸುವವರೆಗೆ ಆ ಟ್ಯಾಂಕನ್ನು ತುಂಬಿಸಿಡಬೇಡಿ.